ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದಿದೆ, ನನಗೆ ನಿದ್ದೆ ಬರುತ್ತಿಲ್ಲ

ಪ್ರಶ್ನೆ: ನಾವು ಕೆ.ಆರ್. ಪುರದ ದೇವಸಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರು ಇಂದಿರಾನಗರದ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಾಲ್ಕು ವರ್ಷದ ಒಬ್ಬಳೇ ಮಗಳು. ಮೊನ್ನೆ ಮಳೆಗಾಲದಲ್ಲಿ ಅವಳಿಗೆ ಜ್ವರ, ಕೆಮ್ಮು ಬಂತು. ಮೆಡಿಕಲ್ ಸ್ಟೋರಿನಿಂದ ಸಿರಪ್ ತಂದು ಎರಡು ದಿನ ಕೊಟ್ಟೆವು. ಕ್ಲಿನಿಕ್ಕಿಗೂ ತೋರಿಸಿದೆವು. ಮೂರನೇ ದಿನ ಸಂಜೆ ಮೈ ಸುಡುತ್ತಿದ್ದರೂ ಅಂಗಾಲು ತಣ್ಣಗಾಗಿತ್ತು, ಮಧ್ಯಾಹ್ನದಿಂದ ಮೂತ್ರ ಮಾಡಿರಲಿಲ್ಲ, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಆಂಬುಲೆನ್ಸ್ ಟಿನ್ ಫ್ಯಾಕ್ಟರಿ ಹತ್ತಿರ ಲಾರಿಗಳ ಮಧ್ಯೆ ನಿಂತುಬಿಟ್ಟಾಗ ನನ್ನ ಜೀವವೇ ಹೋದಂತಾಯಿತು. ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ನಂಜು ರಕ್ತಕ್ಕೆ ಸೇರಿದೆ, ಸೆಪ್ಸಿಸ್ ಅಂದರು. ಐಸಿಯುನಲ್ಲಿ ಮೈಯೆಲ್ಲ ಊದಿಕೊಂಡಿತು. ಕ್ರಿಯಾಟಿನಿನ್ 3.2 ಆಯಿತು. ಹೊಟ್ಟೆಗೆ ಟ್ಯೂಬ್ ಹಾಕಿ ನೀರು ಬಿಟ್ಟು ತೆಗೆಯುವ ಡಯಾಲಿಸಿಸ್ ಮಾಡಿದರು. ದೇವರ ದಯೆ, ಮಗು ಉಳಿಯಿತು.

ಈಗ ಮನೆಗೆ ಬಂದು ಮೂರು ವಾರ. ಕ್ರಿಯಾಟಿನಿನ್ 0.6 ಇದೆ, ಲ್ಯಾಬಿನವರು ನಾರ್ಮಲ್ ಎಂದೇ ಹಾಕಿದ್ದಾರೆ. ಯಜಮಾನರು ‘ಎಲ್ಲ ಸರಿಹೋಯಿತು, ಇನ್ನು ಆಸ್ಪತ್ರೆ ಬೇಡ, ಸಾಲ ತೀರಿಸೋಣ’ ಅನ್ನುತ್ತಾರೆ. ನನಗೆ ಮಾತ್ರ ರಾತ್ರಿ ನಿದ್ದೆಯಿಲ್ಲ. ಎರಡೆರಡು ಗಂಟೆಗೊಮ್ಮೆ ಮಗುವನ್ನು ಎಬ್ಬಿಸಿ ಬಾತ್‌ರೂಮಿಗೆ ಕರೆದುಕೊಂಡು ಹೋಗುತ್ತೇನೆ, ನೀರು ಕುಡಿಸುತ್ತೇನೆ. ಅತ್ತೆ ಉಪ್ಪು ಬಿಡಿಸಿದ್ದಾರೆ, ನೆಗ್ಗಿಲುಮುಳ್ಳಿನ ಕಷಾಯ ಕೊಡೋಣ ಅನ್ನುತ್ತಾರೆ. ಓಣಿಯವರು ‘ಪವರ್ ಜಾಸ್ತಿ ಇರೋ ಆಂಟಿಬಯಾಟಿಕ್ಕೇ ಕಿಡ್ನಿ ಸುಟ್ಟಿದ್ದು’ ಅನ್ನುತ್ತಾರೆ. ನೆಂಟರೊಬ್ಬರು ನನ್ನೆದುರೇ ‘ಪಾಪ, ಕಿಡ್ನಿ ಹೋದ ಮಗು, ಹೆಣ್ಣು ಬೇರೆ’ ಅಂದರು. ಎರಡು ದಿನ ಮನೆಯಲ್ಲಿಟ್ಟುಕೊಂಡ ತಪ್ಪು ನನ್ನದೇ ಅಲ್ಲವೇ? ಇವಳ ಕಿಡ್ನಿ ಮುಂದೆ ಪೂರ್ತಿ ಕೆಟ್ಟುಹೋಗುತ್ತದೆಯೇ?
— ಹೆಸರು ಬೇಡ, ಕೆ.ಆರ್. ಪುರ

ಉತ್ತರ: ಅಮ್ಮಾ, ನಿಮ್ಮ ಮಗಳ ಕಿಡ್ನಿ ಹೋಗಿಲ್ಲ. 3.2ಕ್ಕೆ ಏರಿದ್ದ ಕ್ರಿಯಾಟಿನಿನ್ ಡಯಾಲಿಸಿಸ್ ನಿಲ್ಲಿಸಿದ ಮೇಲೂ 0.6ಕ್ಕೆ ಇಳಿದಿದೆ ಎಂದರೆ ಅವಳ ಕಿಡ್ನಿ ತನ್ನ ಕೆಲಸವನ್ನು ತಾನೇ ಮಾಡುತ್ತಿದೆ. ಯಾರು ಏನೇ ಅಂದರೂ ಇದು ನಿಮಗೆ ಗೊತ್ತಿರಲಿ. ಆದರೆ ‘ಎಲ್ಲ ಸರಿಹೋಯಿತು, ಇನ್ನು ಆಸ್ಪತ್ರೆ ಬೇಡ’ ಎನ್ನುವ ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪಲಾರೆ. ಏಕೆ ಎನ್ನುವುದಕ್ಕೆ ಆ ರಿಪೋರ್ಟನ್ನೇ ಒಮ್ಮೆ ಇಬ್ಬರೂ ಕೂತು ನೋಡಿ.

ಕ್ರಿಯಾಟಿನಿನ್ ಸಾಲಿನ ಬಲಗಡೆ ಒಂದು ಮಿತಿ ಅಚ್ಚಾಗಿರುತ್ತದೆ, ಇಷ್ಟರಿಂದ ಇಷ್ಟರೊಳಗೆ ಇದ್ದರೆ ನಾರ್ಮಲ್ ಅಂತ. ಎಷ್ಟೋ ಲ್ಯಾಬ್‌ಗಳಲ್ಲಿ ಅದು ದೊಡ್ಡವರ ಅಂಕಿ. ಕ್ರಿಯಾಟಿನಿನ್ ಮಾಂಸಖಂಡದಿಂದ ಬರುವ ಕಸ. ದೊಡ್ಡವರಿಗೆ ಮಾಂಸಖಂಡ ಹೆಚ್ಚು, ಹಾಗಾಗಿ 0.9 ಇದ್ದರೂ ಸರಿಯೇ. ನಾಲ್ಕು ವರ್ಷದ ಆರೋಗ್ಯವಂತ ಮಗುವಿಗೆ ಅದು ಸುಮಾರು 0.3, 0.4ರ ಆಸುಪಾಸಿನಲ್ಲಿರುತ್ತದೆ. 0.3 ಇದ್ದ ಮಗುವಿಗೆ 0.9 ಆದರೆ ಮೂರು ಪಟ್ಟು ಏರಿದ ಹಾಗಾಯಿತು. ಕಿಡ್ನಿ ಡಾಕ್ಟರುಗಳು 2012ರಿಂದ ಜಗತ್ತಿನಾದ್ಯಂತ ಬಳಸುತ್ತಿರುವ ಅಳತೆಯಲ್ಲಿ ಅದು ಅತಿ ತೀವ್ರವಾದ ಮೂರನೇ ಹಂತದ ಪೆಟ್ಟು. ಅದೇ 0.9ರ ಪಕ್ಕದಲ್ಲಿ ಲ್ಯಾಬಿನ ಕಂಪ್ಯೂಟರ್ ನಾರ್ಮಲ್ ಎಂದು ಹಾಕಿಬಿಡಬಹುದು.

ನಿಮ್ಮ ಮಗಳ 0.6ನ್ನು ಅವಳ ಎತ್ತರದೊಂದಿಗೆ ಸೇರಿಸಿ ಓದಬೇಕು. ಮಕ್ಕಳ ಡಾಕ್ಟರುಗಳು ಮಾಡುವ ಲೆಕ್ಕ ಬಹಳ ಸರಳ: ಎತ್ತರದ ಸೆಂಟಿಮೀಟರನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್ನಿಂದ ಭಾಗಿಸುತ್ತಾರೆ. ಅವಳ ಎತ್ತರ ನೀವು ಬರೆದಿಲ್ಲ. ಈ ವಯಸ್ಸಿಗೆ ಸಾಮಾನ್ಯವಾದ 100 ಸೆಂ.ಮೀ. ಎಂದು ಹಿಡಿದರೆ ಉತ್ತರ 69ರ ಹತ್ತಿರ ಬರುತ್ತದೆ. ಈ ವಯಸ್ಸಿನಲ್ಲಿ 90ಕ್ಕಿಂತ ಮೇಲಿರಬೇಕು. ಜತೆಗೆ ಐಸಿಯುನಲ್ಲಿ ಮಲಗಿ ಎದ್ದ ಮಗುವಿನ ಮಾಂಸಖಂಡ ಕರಗಿರುತ್ತದೆ, ಆದ್ದರಿಂದ ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಕಡಿಮೆಯಾಗಿಯೇ ಕಾಣುತ್ತದೆ. ಇದನ್ನು ಓದಿ ಗಾಬರಿಯಾಗಬೇಡಿ. ಮೂರು ವಾರಕ್ಕೆ ಇಷ್ಟು ಇಳಿದಿರುವುದು ಒಳ್ಳೆಯ ಲಕ್ಷಣ, ಇನ್ನೂ ಇಳಿಯುವ ಸಾಧ್ಯತೆಯೇ ಹೆಚ್ಚು. ಆದರೆ ಇಳಿಯಿತೋ ಇಲ್ಲವೋ ಎಂದು ಯಾರಾದರೂ ನೋಡಬೇಕು. ಚೇತರಿಕೆ ಇನ್ನೂ ನಡೆಯುತ್ತಿದೆ, ಮುಗಿದಿಲ್ಲ. ಮುಂದಿನ ರಕ್ತಪರೀಕ್ಷೆ ಯಾವಾಗ ಎಂದು ಈ ವಾರವೇ ನಿಮ್ಮ ಡಾಕ್ಟರನ್ನು ಕೇಳಿ.

ಇನ್ನು ಓಣಿಯವರ ಮಾತು. ಆಂಟಿಬಯಾಟಿಕ್ ಕಿಡ್ನಿಯನ್ನು ಸುಟ್ಟಿತು ಎನ್ನುವುದನ್ನು ನಾನು ವಾರ್ಡುಗಳಲ್ಲಿ ತಾಯಂದಿರ ಬಾಯಲ್ಲಿ ಮೇಲಿಂದ ಮೇಲೆ ಕೇಳುತ್ತೇನೆ. ಕೆಲವು ಔಷಧಿಗಳು ಕಿಡ್ನಿಗೆ ಭಾರ ಎನ್ನುವುದು ನಿಜ. ಅಮಿಕಾಸಿನ್, ವ್ಯಾಂಕೊಮೈಸಿನ್‌ನಂಥವನ್ನು ಕೊಡುವಾಗ ಅದಕ್ಕಾಗಿಯೇ ಡೋಸ್ ಲೆಕ್ಕ ಹಾಕುತ್ತಾರೆ, ಮೂತ್ರ ಅಳೆಯುತ್ತಾರೆ. ಆದರೆ ಸೆಪ್ಸಿಸ್ ಎಂದರೇನೇ ಸೋಂಕಿನ ವಿರುದ್ಧ ಏಳುವ ದೇಹದ ಹೋರಾಟ ಹತೋಟಿ ತಪ್ಪಿ ತನ್ನ ಅಂಗಗಳ ಮೇಲೆಯೇ ತಿರುಗುವುದು. ರಕ್ತದೊತ್ತಡ ಬೀಳುತ್ತದೆ, ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಹರಿವು ಏರುಪೇರಾಗುತ್ತದೆ, ಕಿಡ್ನಿಯ ಸೂಕ್ಷ್ಮ ಕೊಳವೆಗಳ ಜೀವಕೋಶಗಳು ಕೆಲಸ ನಿಲ್ಲಿಸಿಬಿಡುತ್ತವೆ. ಅವುಗಳಲ್ಲಿ ಬಹುಪಾಲು ಸತ್ತಿರುವುದಿಲ್ಲ, ಆದ್ದರಿಂದಲೇ ನಂಜು ಇಳಿದ ಮೇಲೆ ಮತ್ತೆ ಮೂತ್ರ ಬರಲು ಶುರುವಾಗುತ್ತದೆ. ಆ ನಂಜನ್ನು ಇಳಿಸಿದ್ದು ಆಂಟಿಬಯಾಟಿಕ್ಕೇ. ಮಕ್ಕಳ ಸೆಪ್ಸಿಸ್ ಬಗ್ಗೆ 2020ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ, ಮಗು ಶಾಕ್‌ಗೆ (ರಕ್ತದ ಹರಿವು ಕುಸಿಯುವ ಸ್ಥಿತಿಗೆ) ಹೋಗಿದ್ದರೆ ಒಂದು ಗಂಟೆಯೊಳಗೆ ಅದನ್ನು ಶುರುಮಾಡಿ ಎನ್ನುತ್ತದೆ. ನಿಮ್ಮ ಮಗುವಿಗೆ ಕೊಡದೇ ಇದ್ದಿದ್ದರೆ ನೀವು ಈ ಕಾಗದ ಬರೆಯುತ್ತಿರಲಿಲ್ಲ.

ಮೈ ಊದಿದ್ದು ನಿಮ್ಮನ್ನು ಹೆಚ್ಚು ಹೆದರಿಸಿದೆ ಅನಿಸುತ್ತದೆ. ಬಿಪಿ ಬಿದ್ದಾಗ ಡ್ರಿಪ್ ಕೊಡಲೇಬೇಕು. ಸೋಂಕಿನಿಂದ ರಕ್ತನಾಳಗಳು ಸೋರುತ್ತಿರುತ್ತವೆ, ಕಿಡ್ನಿ ನೀರನ್ನು ಹೊರಹಾಕುವುದಿಲ್ಲ, ಹಾಗಾಗಿ ಕೊಟ್ಟ ನೀರು ಮೈಯಲ್ಲಿ ನಿಲ್ಲುತ್ತದೆ. ಹದಿನಾಲ್ಕು ಕೆಜಿ ಮಗುವಿಗೆ ಎರಡು ಕೆಜಿ ನೀರು ನಿಂತರೂ ಶ್ವಾಸಕೋಶಕ್ಕೆ ಕಷ್ಟ. ಆ ನೀರನ್ನೂ, ರಕ್ತದಲ್ಲಿ ಏರುವ ಪೊಟ್ಯಾಶಿಯಂ, ಕಸ ಎಲ್ಲವನ್ನೂ ತೆಗೆಯಲು ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿದ್ದಾರೆ. ಚಿಕ್ಕ ಮಕ್ಕಳಲ್ಲಿ ನಮ್ಮ ದೇಶದಲ್ಲಿ ಬಹಳ ಕಾಲದಿಂದ ಇರುವ ಪದ್ಧತಿ ಇದು. ಒಮ್ಮೆ ಡಯಾಲಿಸಿಸ್ ಆದರೆ ಜೀವನಪೂರ್ತಿ ಡಯಾಲಿಸಿಸ್ ಎಂಬ ಮಾತು ಕಿಡ್ನಿ ಪೂರ್ತಿ ಸೋತ ದೊಡ್ಡವರನ್ನು ನೋಡಿ ಹುಟ್ಟಿದ್ದು. ನಿಮ್ಮ ಮಗಳಿಗೆ ಮಾಡಿದ್ದು ಕಿಡ್ನಿ ಎಚ್ಚೆತ್ತುಕೊಳ್ಳುವವರೆಗಿನ ಆಸರೆ.

ಹಾಗಾದರೆ ಮುಂದೆ? ಐಸಿಯು ಸೇರಿದ ಮಕ್ಕಳಲ್ಲಿ ಕಿಡ್ನಿಗೆ ಪೆಟ್ಟಾಗುವುದು ಅಪರೂಪವಲ್ಲ. ನಾಲ್ಕು ಖಂಡಗಳ ಐಸಿಯುಗಳಲ್ಲಿ 4,683 ಮಕ್ಕಳನ್ನೂ ಯುವಜನರನ್ನೂ ನೋಡಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ 27 ಜನರಿಗೆ ಅದು ಆಗಿತ್ತು. ಇಂಥ ಪೆಟ್ಟಾಗಿಯೂ ಬದುಕಿ ಮನೆಗೆ ಬಂದವರ ಕಥೆ ಏನಾಯಿತು ಎಂದು ಬೇರೊಂದು ಅಧ್ಯಯನದಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ 126 ಮಕ್ಕಳನ್ನು ಒಂದರಿಂದ ಮೂರು ವರ್ಷದ ನಂತರ ಕರೆಸಿ ಪರೀಕ್ಷಿಸಿದರು. ಹತ್ತರಲ್ಲಿ ಸುಮಾರು ಒಬ್ಬರಿಗೆ ದೀರ್ಘಕಾಲದ ಕಿಡ್ನಿ ತೊಂದರೆ ಉಳಿದಿತ್ತು. ಇನ್ನು ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇತ್ತು, ಬಿಪಿ ಸ್ವಲ್ಪ ಜಾಸ್ತಿ, ಇಲ್ಲವೇ ಕಿಡ್ನಿಯ ಕೆಲಸದಲ್ಲಿ ತುಸು ಏರುಪೇರು. ಅಂದರೆ ಬಹುಪಾಲು ಮಕ್ಕಳಿಗೆ ಕಿಡ್ನಿ ಕಾಯಿಲೆ ಉಳಿಯುವುದಿಲ್ಲ. ಯಾರಿಗೆ ಉಳಿಯುತ್ತದೆ ಎಂದು ಮಗುವಿನ ಮುಖ ನೋಡಿ ಹೇಳಲು ಮಾತ್ರ ಯಾರಿಂದಲೂ ಆಗದು.

ನೀವು ಹೊಲಿಗೆ ಮಾಡುವವರು, ಹೀಗೆ ಹೇಳಿದರೆ ತಿಳಿದೀತು. ಹತ್ತು ಜನ ಟೈಲರ್‌ಗಳಿರುವ ಅಂಗಡಿಯಲ್ಲಿ ಇಬ್ಬರು ಬಿಟ್ಟುಹೋದರೂ ಉಳಿದ ಎಂಟು ಜನ ಹಬ್ಬದ ಆರ್ಡರ್‌ಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸಿಕೊಡುತ್ತಾರೆ. ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅವರ ಭುಜ ನೋಯುವುದು ಅವರಿಗಷ್ಟೇ ಗೊತ್ತು. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿರುತ್ತವೆ. ಒಮ್ಮೆ ನಾಶವಾದದ್ದು ಮತ್ತೆ ಹುಟ್ಟುವುದಿಲ್ಲ, ಉಳಿದವು ಹೆಚ್ಚು ದುಡಿಯುತ್ತವೆ. ಆ ದಣಿವು ಮೊದಲು ಕಾಣಿಸುವುದು ಬಿಪಿಯಲ್ಲಿ ಮತ್ತು ಮೂತ್ರದಲ್ಲಿ ಸೋರುವ ಪ್ರೋಟೀನಿನಲ್ಲಿ. ಕ್ರಿಯಾಟಿನಿನ್ ಏರುವುದು ಬಹಳ ತಡವಾಗಿ. ಮಗು ಆಡುತ್ತಿರುತ್ತದೆ, ಉಣ್ಣುತ್ತಿರುತ್ತದೆ, ನೋವು ಎನ್ನುವುದೇ ಇಲ್ಲ.

ಆದ್ದರಿಂದ ನಿಮ್ಮ ಯಜಮಾನರಿಗೆ ಹೇಳಿ: ಈಗ ಬೇಕಾಗಿರುವುದು ಐಸಿಯು ಖರ್ಚಲ್ಲ. ಕಾಯಿಲೆಯಾಗಿ ಮೂರು ತಿಂಗಳಾಗುವ ಹೊತ್ತಿಗೆ ಒಂದು ಪೂರ್ತಿ ತಪಾಸಣೆ ಆಗಲೇಬೇಕು. ರಕ್ತದಲ್ಲಿ ಕ್ರಿಯಾಟಿನಿನ್, ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಪ್ರಮಾಣ, ಬಿಪಿ, ಎತ್ತರ, ತೂಕ. ಅದೆಲ್ಲ ಸರಿಯಿದ್ದರೆ ವರ್ಷಕ್ಕೊಮ್ಮೆ ಬಿಪಿ ಮತ್ತು ಮೂತ್ರ, ಡಾಕ್ಟರು ಹೇಳಿದರೆ ರಕ್ತ. ಇದನ್ನು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲೂ ಮಾಡಿಸಬಹುದು, ದುಡ್ಡು ಹೆಚ್ಚು ಬೇಡ. ಕೆ.ಆರ್. ಪುರದಿಂದ ಈಗ ನೇರಳೆ ಮಾರ್ಗದ ಮೆಟ್ರೊ ಇರುವುದರಿಂದ ಟಿನ್ ಫ್ಯಾಕ್ಟರಿಯ ದಾರಿ ಹಿಡಿದು ಮತ್ತೆ ಎದೆ ನಡುಗಿಸಿಕೊಳ್ಳಬೇಕಿಲ್ಲ. ಏನಾದರೂ ವ್ಯತ್ಯಾಸ ಕಂಡರೆ ಮಕ್ಕಳ ಕಿಡ್ನಿಗೆಂದೇ ಪ್ರತ್ಯೇಕ ವಿಭಾಗ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ದಶಕಗಳಿಂದ ಇದೆ. ನಿಮ್ಮದು ಬಿಪಿಎಲ್ ಕಾರ್ಡ್ ಆಗಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ. ಮುಂದೆ ಮಗುವನ್ನು ಎಲ್ಲಿಗಾದರೂ ಸೇರಿಸುವ ಪ್ರಸಂಗ ಬಂದರೆ ಮೊದಲ ದಿನವೇ ಕಾರ್ಡನ್ನು ಕೌಂಟರಿನಲ್ಲಿ ತೋರಿಸಿ.

ಬಿಪಿ ನೋಡುವಾಗ ಒಂದು ವಿಷಯ ಗಮನಿಸಿ. ತೋಳಿಗೆ ಸುತ್ತುವ ಪಟ್ಟಿ ಮಕ್ಕಳದ್ದೇ ಆಗಿರಬೇಕು. ದೊಡ್ಡವರ ಪಟ್ಟಿ ಸುತ್ತಿದರೆ ಬಿಪಿ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ, ಜಾಸ್ತಿ ಇದ್ದರೂ ಗೊತ್ತಾಗದೆ ಹೋಗುತ್ತದೆ. ಎಷ್ಟೋ ಕ್ಲಿನಿಕ್ಕುಗಳಲ್ಲಿ ಚಿಕ್ಕ ಪಟ್ಟಿ ಇರುವುದೇ ಇಲ್ಲ. ‘ಮಗೂಗೆ ಚಿಕ್ಕದು ಇದೆಯಾ ಸಿಸ್ಟರ್?’ ಎಂದು ಕೇಳಲು ಸಂಕೋಚ ಬೇಡ.

ಅತ್ತೆಯವರ ಉಪ್ಪಿಲ್ಲದ ಊಟದ ಬಗ್ಗೆ. ಬಿಪಿ ಜಾಸ್ತಿ ಇದೆ, ಉಪ್ಪು ಬಿಡಿ ಎಂದು ಡಾಕ್ಟರು ಹೇಳಿಲ್ಲವಾದರೆ ಮನೆಯ ಸಾರಿಗೆ ಹಾಕುವಷ್ಟು ಉಪ್ಪು ಹಾಕಿ. ಚಿಪ್ಸ್, ಹಪ್ಪಳ, ಉಪ್ಪಿನಕಾಯಿ ಬೇಡ. ಬೇಳೆ, ಮೊಟ್ಟೆ, ಹಾಲು ನಿಲ್ಲಿಸಬೇಡಿ. ಕರಗಿಹೋದ ಮೈ ತುಂಬಿಕೊಳ್ಳಬೇಕಾದ ಕಾಲ ಇದು. ಕಷಾಯ ಮಾತ್ರ ಖಂಡಿತ ಬೇಡ. ನೆಗ್ಗಿಲುಮುಳ್ಳು ಹಿರಿಯರ ನಂಬಿಕೆಯ ಮದ್ದು, ಅತ್ತೆಯವರ ಪ್ರೀತಿಯನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಆದರೆ ಗಾಯ ಆರುತ್ತಿರುವ ಪುಟ್ಟ ಕಿಡ್ನಿಗೆ ಎಷ್ಟು ಡೋಸ್ ತಡೆಯುತ್ತದೆ ಎಂದು ಅಳೆದು ನೋಡಿದವರಿಲ್ಲ. ‘ಡಾಕ್ಟರು ಬೇಡ ಅಂದಿದ್ದಾರೆ ಅತ್ತೆ, ಬಾರ್ಲಿ ಗಂಜಿ ಮಾಡಿಕೊಡಿ, ನಿಮ್ಮ ಕೈಯಿಂದಲೇ ಕುಡಿಸಿ’ ಎನ್ನಿ.

ನೀರಿನ ವಿಷಯ. 14 ಕೆಜಿ ಮಗುವಿಗೆ ಹಾಲು, ಸಾರು, ಗಂಜಿ, ನೀರು ಎಲ್ಲ ಸೇರಿ ದಿನಕ್ಕೆ ಹೆಚ್ಚುಕಡಿಮೆ 1,200 ಮಿ.ಲೀ. ಸಾಕು. ಬೇಸಿಗೆಯಲ್ಲಿ, ಓಡಿ ಆಡಿದಾಗ ಅವಳೇ ಕೇಳುತ್ತಾಳೆ, ಕೊಡಿ. ಹೆಚ್ಚು ಕುಡಿಸಿದರೆ ಕಿಡ್ನಿ ತೊಳೆದುಹೋಗಿ ಬೇಗ ವಾಸಿಯಾಗುವುದಿಲ್ಲ. ಆಸ್ಪತ್ರೆಯಲ್ಲಿ ಗಂಟೆಗಂಟೆಗೆ ಯೂರಿನ್ ಬ್ಯಾಗ್ ನೋಡುತ್ತಿದ್ದ ನರ್ಸಮ್ಮನ ಕೆಲಸವನ್ನು ನೀವು ಮನೆಯಲ್ಲಿ ಮುಂದುವರಿಸುತ್ತಿದ್ದೀರಿ. ಅಲ್ಲಿ ಅದು ಬೇಕಿತ್ತು. ಕೆಜಿಗೆ ಗಂಟೆಗೆ ಅರ್ಧ ಮಿ.ಲೀ.ಗಿಂತ ಕಡಿಮೆಯಾದರೆ, ಅಂದರೆ 14 ಕೆಜಿ ಮಗುವಿಗೆ ಗಂಟೆಗೆ 7 ಮಿ.ಲೀ., ಒಂದೂವರೆ ಟೀ ಚಮಚಕ್ಕಿಂತ ಕಡಿಮೆಯಾಗಿ ಅದು ಆರೇಳು ಗಂಟೆ ಹಾಗೇ ಮುಂದುವರಿದರೆ ಕಿಡ್ನಿಗೆ ಪೆಟ್ಟು ಎಂದೇ ಲೆಕ್ಕ. ನಾನು ಮೇಲೆ ಹೇಳಿದ 2017ರ ಅಧ್ಯಯನದಲ್ಲಿ, ಮೂತ್ರ ಇಳಿದ ಮೂವರಲ್ಲಿ ಇಬ್ಬರನ್ನು ಬರೀ ಕ್ರಿಯಾಟಿನಿನ್ ನೋಡಿದ್ದರೆ ಗುರುತಿಸಲು ಆಗುತ್ತಲೇ ಇರಲಿಲ್ಲ. ಮಧ್ಯಾಹ್ನದಿಂದ ಮೂತ್ರ ಮಾಡಿಲ್ಲ ಎಂದು ನೀವು ಅಂದು ಗಮನಿಸಿದ್ದು ಅಷ್ಟು ದೊಡ್ಡ ವಿಷಯ. ಈಗ ಅವಳು ಜ್ವರವಿಲ್ಲದೆ, ಊಟ ಮಾಡಿಕೊಂಡು, ಹಗಲು ನಾಲ್ಕಾರು ಸಲ ಮೂತ್ರ ಮಾಡುತ್ತಿದ್ದರೆ ರಾತ್ರಿ ಎಬ್ಬಿಸುವ ಅಗತ್ಯವೇ ಇಲ್ಲ. ಮಲಗಲಿ ಬಿಡಿ. ಜ್ವರ, ವಾಂತಿ ಅಥವಾ ಭೇದಿ ಬಂದು ಎಂಟು ಗಂಟೆ ಮೂತ್ರವಾಗದಿದ್ದರೆ, ಇಲ್ಲವೇ ಕಣ್ಣ ಸುತ್ತ ಊದಿಕೊಂಡರೆ, ಮೂತ್ರ ಕೋಕಾಕೋಲಾ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅಂದೇ ಹೋಗಿ. ಅಂಗೈ ಅಂಗಾಲು ತಣ್ಣಗಾಗುವುದು, ಉಸಿರು ವೇಗವಾಗುವುದು, ಮಂಪರು ಇದ್ದರೆ ನೇರ 108.

ಸಿರಪ್ಪಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ನನಗೆ ಅದು ಮುಖ್ಯ ಎನಿಸಿತು. ಜ್ವರಕ್ಕೆ ಅಂಗಡಿಯಲ್ಲಿ ಕೊಡುವ ಅನೇಕ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜತೆ ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಸಿಡ್ ಸೇರಿರುತ್ತದೆ. ಮೈಯಲ್ಲಿ ನೀರು ಕಡಿಮೆ ಇರುವಾಗ ಇವು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನೂ ಕಡಿಮೆ ಮಾಡುತ್ತವೆ. ನಿಮ್ಮ ಮಗಳಿಗೆ ಹಾಗಾಯಿತು ಎಂದು ನಾನು ಹೇಳುತ್ತಿಲ್ಲ, ಯಾವ ಸಿರಪ್ ಎಂದೇ ನನಗೆ ಗೊತ್ತಿಲ್ಲ. ಇನ್ನು ಮುಂದೆ ಬಾಟಲಿಯ ಸಣ್ಣ ಅಕ್ಷರ ಓದಿ, ಪ್ಯಾರಾಸಿಟಮಾಲ್ ಒಂದೇ ಇರುವುದನ್ನು, ಅವಳ ತೂಕಕ್ಕೆ ಡಾಕ್ಟರು ಬರೆದುಕೊಟ್ಟಷ್ಟೇ ಕೊಡಿ. ಇದು ಬೆಂಗಳೂರಿನ ಎಲ್ಲ ಮನೆಗಳಿಗೂ ಹೇಳಬೇಕಾದ ಮಾತು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ರಾಜ್ಯ ನಮ್ಮದು. ಮಳೆಗಾಲದ ಜ್ವರ ಡೆಂಗಿಯೇ ಆಗಿದ್ದರೆ ಈ ಔಷಧಿಗಳಿಂದ ರಕ್ತಸ್ರಾವದ ಅಪಾಯವೂ ಇದೆ. ಹೊಸ ಡಾಕ್ಟರ ಹತ್ತಿರ ಹೋದಾಗಲೆಲ್ಲ ‘ಇವಳಿಗೆ ಸೆಪ್ಸಿಸ್ ಆಗಿ ಡಯಾಲಿಸಿಸ್ ಆಗಿತ್ತು’ ಎನ್ನುವುದು ನಿಮ್ಮ ಮೊದಲ ವಾಕ್ಯವಾಗಲಿ. ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಎರಡು ಮಾಡಿಸಿಡಿ, ಫೋನಿನಲ್ಲೂ ಫೋಟೊ ಇರಲಿ. ಇಪ್ಪತ್ತು ವರ್ಷದ ನಂತರ ಅವಳು ಬಸುರಿಯಾದಾಗ ಅವಳ ಡಾಕ್ಟರಿಗೂ ಆ ಕಾಗದ ಬೇಕಾಗುತ್ತದೆ.

ನ್ಯುಮೋಕಾಕಲ್ ಲಸಿಕೆ ಆಗಿದೆಯೇ ಎಂದು ತಾಯಿ ಕಾರ್ಡ್ ತೆಗೆದು ನೋಡಿ. ಸರ್ಕಾರಿ ಲಸಿಕೆಗಳ ಪಟ್ಟಿಗೆ ಅದು ದೇಶದೆಲ್ಲೆಡೆ ಸೇರಿದ್ದು 2021ರಲ್ಲಿ, ಒಂದೊಂದು ಡೋಸ್ ತಪ್ಪಿರುವ ಮಕ್ಕಳು ಬಹಳ ಜನ. ಫ್ಲೂ ಲಸಿಕೆಯ ಬಗ್ಗೆಯೂ ಕೇಳಿ. ಸ್ಕೂಲಿಗೆ ಕಳಿಸಿ, ಆಡಲಿ, ಓಡಲಿ. ಮಿಸ್‌ಗೆ ಒಂದು ಮಾತು ಹೇಳಿಡಿ: ನೀರು ಕುಡಿಯಲು, ಟಾಯ್ಲೆಟ್‌ಗೆ ಹೋಗಲು ಕೇಳಿದಾಗ ತಡೆಯಬಾರದು.

ಆ ನೆಂಟರ ಮಾತು ನನಗೆ ಸಿಟ್ಟು ತರಿಸಿತು. ನಾಲ್ಕು ವರ್ಷದ ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ‘ಕಿಡ್ನಿ ಹೋದ ಮಗು’ ಎಂಬುದು ಸುಳ್ಳು. ಸುಳ್ಳನ್ನು ಮನೆಯೊಳಗೆ ಓಡಾಡಲು ಬಿಡಬೇಡಿ. ಮುಂದಿನ ಸಲ ಅಂದರೆ ‘ಜ್ವರ ಜೋರಾಗಿ ಕಿಡ್ನಿಗೆ ತೊಂದರೆಯಾಗಿತ್ತು, ವಾಸಿಯಾಗುತ್ತಿದೆ’ ಎಂದು ನಿಮ್ಮ ಯಜಮಾನರೇ ಗಟ್ಟಿಯಾಗಿ ಹೇಳಲಿ. ಗಂಡಸು ಹೇಳಿದರೆ ಕೆಲವರು ಬೇಗ ಸುಮ್ಮನಾಗುತ್ತಾರೆ, ನಮ್ಮ ಕಡೆಯ ರೀತಿ ಅದು.

ತಪ್ಪು ನನ್ನದೇ ಅಲ್ಲವೇ ಎಂದು ಕೇಳಿದ್ದೀರಿ. ಕೆಮ್ಮು ಜ್ವರ ಬಂದ, ನೀರು ಕುಡಿಯುತ್ತಿದ್ದ ಮಗುವನ್ನು ಎರಡು ದಿನ ಮನೆಯಲ್ಲಿ ನೋಡಿಕೊಳ್ಳುವುದು ಎಲ್ಲ ತಾಯಂದಿರೂ ಮಾಡುವ ಕೆಲಸ, ನೀವು ಕ್ಲಿನಿಕ್ಕಿಗೂ ಹೋಗಿದ್ದೀರಿ. ಜ್ವರಗಳಲ್ಲಿ ಬಹುಪಾಲು ತಾವೇ ಇಳಿಯುತ್ತವೆ, ಯಾವುದೋ ಒಂದು ಸೆಪ್ಸಿಸ್ ಆಗುತ್ತದೆ. ಶುರುವಿನಲ್ಲಿ ಎರಡೂ ಒಂದೇ ಥರ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 2 ಕೋಟಿ ಮಕ್ಕಳಿಗೆ ಸೆಪ್ಸಿಸ್ ಆಗಿತ್ತೆಂಬ ಅಂದಾಜಿದೆ. ಅವರ ತಾಯಂದಿರೆಲ್ಲ ತಪ್ಪು ಮಾಡಿದವರೇ? ಅಪಾಯದ ಲಕ್ಷಣ ಕಂಡ ಆ ಸಂಜೆಯೇ ನೀವು ಹೊರಟಿರಿ.

ಇನ್ನು ನಿಮ್ಮ ನಿದ್ದೆ. ಐಸಿಯುನಿಂದ ಬಂದ ಮಕ್ಕಳು ಕೆಲವು ವಾರ ರಾತ್ರಿ ಬೆಚ್ಚುವುದು, ತಾಯಿಯನ್ನು ಬಿಡದಿರುವುದು, ಬಿಳಿ ಕೋಟು ಕಂಡರೆ ಅಳುವುದು ಇರುತ್ತದೆ. ಹೊರಗಿನ ಬೆಂಚಿನಲ್ಲಿ ಕಾದ ತಾಯಂದಿರಿಗೂ ಹಾಗೆಯೇ ಆಗುತ್ತದೆ. ಆಂಬುಲೆನ್ಸ್ ಸದ್ದು ಕೇಳಿದರೆ ಕೈ ನಡುಗುವುದು, ಅದೇ ರಾತ್ರಿ ಕಣ್ಣ ಮುಂದೆ ಬರುವುದು ಇದ್ದರೆ ಅದಕ್ಕೆ ಚಿಕಿತ್ಸೆ ಇದೆ. ಇಂದಿನಿಂದ ಒಂದು ರಾತ್ರಿ ಯಜಮಾನರು, ಒಂದು ರಾತ್ರಿ ಅತ್ತೆ ಮಗುವಿನ ಪಕ್ಕ ಮಲಗಲಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ಒಂದೇ ಕೋಣೆಯ ಮನೆಯಾದರೆ ಗೋಡೆಯ ಕಡೆ ಮಲಗಿ, ಎದ್ದು ನೋಡುವ ಜವಾಬ್ದಾರಿ ಅವರದಾಗಿರಲಿ. ಎರಡು ವಾರ ಹೀಗೆ ಮಾಡಿಯೂ ನಿದ್ದೆ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅವರಿಗೆ ಹೇಳಲು ಏನನ್ನೂ ಸಿದ್ಧಮಾಡಿಕೊಳ್ಳಬೇಕಿಲ್ಲ, ನನಗೆ ಬರೆದದ್ದನ್ನೇ ಓದಿ ಹೇಳಿದರೂ ಸಾಕು.